ಹೊಲಿದು ಮುಚ್ಚಿದ ಪುಟ

ಇವತ್ತು ಬೆಳಿಗ್ಗೆ ಪೇಪರಿನವನು ಗೇಟಿನ ಸಂದಿಯಿಂದ ಎಸೆದ ಪತ್ರಿಕೆ ನೇರ ಹೋಗಿ ಅಂಗಳದ ನೀರಿನಲ್ಲಿ ಬಿತ್ತು. ತಪ್ಪು ಅವನದಲ್ಲ, ಮಳೆಗೆ ನಮ್ಮ ಅಂಗಳ ಅಂಗಳವಾಗಿ ಉಳಿದಿರಲಿಲ್ಲ. ಎಂಬತ್ತು ದಾಟಿದವಳಿಗೆ ಲೋಕದ ಸುದ್ದಿ ಅರ್ಧ ಗಂಟೆ ತಡವಾದರೆ ಏನೂ ಕೊಳ್ಳೆ ಹೋಗುವುದಿಲ್ಲ. ಆದರೆ ಚಟ ಕೇಳಬೇಕಲ್ಲ. ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಮೇಜಿನ ಮೇಲೆ ಹಾಸಿ, ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಸಂಪಾದಕೀಯದ ಮೇಲೆ ಒತ್ತಿದೆ. ಹಸಿ ಕಾಗದ ಒಣಗುವಾಗ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬಹುದು. ಅರ್ಧ ಗಂಜಿಯದು, ಅರ್ಧ ಮೈ ಒರೆಸಿ ಒಣಗದ ಬೈರಾಸಿನದು. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ಇದ್ದಲ್ಲೇ ನಿಂತಿತು. ಸಂಪಾದಕೀಯ ಕಂದಿ ಹೋಯಿತು. ದೊಡ್ಡ ನಷ್ಟವೇನಲ್ಲ.

ನಿನ್ನೆಯಷ್ಟೇ ಪುತ್ತೂರಿನ ಒಂದು ವಾಚನಾಲಯದಿಂದ ಗ್ರಂಥಪಾಲಕಿ ಫೋನು ಮಾಡಿದ್ದಳು. ಹಳೆಯ ಕೈಬರಹದ ಪತ್ರಿಕೆಗಳನ್ನೆಲ್ಲ ಸೇರಿಸಿ ಪ್ರದರ್ಶನ ಇಡುತ್ತಾರಂತೆ. “ನಿಮ್ಮಲ್ಲಿ ಒಂದು ಸಂಚಿಕೆ ಉಂಟಂತಲ್ಲ ಮೇಡಂ?” ಎಂದು ಕೇಳಿದಳು. “ಇತ್ತು, ನೀರು ಕುಡಿದು ಹಾಳಾಗಿದೆ, ಅದರಲ್ಲಿ ಏನೂ ಇಲ್ಲ” ಎಂದೆ. “ಆದರೂ ನಾಳೆ ಒಮ್ಮೆ ಬಂದು ನೋಡ್ತೇನೆ” ಎಂದಳು. ನಾನು ಹೇಳಿದ್ದು ಸುಳ್ಳಲ್ಲ. ಈ ವಿಷಯದಲ್ಲಿ ಹೇಳಬೇಕಾದ ಸುಳ್ಳನ್ನು ಅರುವತ್ತು ವರ್ಷ ಹಿಂದೆಯೇ ಹೇಳಿ ಮುಗಿಸಿದ್ದೇನೆ. ಇಷ್ಟು ದಿನ ಅದನ್ನು ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಈಗ ನೀವು ಸಿಕ್ಕಿದ್ದೀರಿ, ಪೇಪರು ಒಣಗುವುದಕ್ಕೂ ಹೊತ್ತು ಬೇಕು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಪುತ್ತೂರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಹೊಸ ಟೀಚರ್. ಬಸ್‌ಸ್ಟ್ಯಾಂಡಿನ ಹತ್ತಿರ ಜವಳಿ ಅಂಗಡಿಯೊಂದರ ಮಾಳಿಗೆಯಲ್ಲಿ ನಮ್ಮ ವಾಚನಾಲಯ ಇತ್ತು. ಎರಡು ಕಪಾಟು, ಒಂದು ಉದ್ದದ ಬೆಂಚು, ಯಾರು ಹತ್ತಿದರೂ ಇಡೀ ಪೇಟೆಗೆ ಸಾರಿ ಹೇಳುವ ಒಂದು ಮರದ ಮೆಟ್ಟಿಲು. ಅದನ್ನು ಕಟ್ಟಿದವರು ಶೀನಪ್ಪ ಮಾಷ್ಟ್ರು, ಶಾಲೆಯಿಂದ ನಿವೃತ್ತರಾದರೂ ಮಾಷ್ಟ್ರಿಕೆಯಿಂದ ನಿವೃತ್ತರಾಗದವರು. “ಓದುದು ಒಬ್ಬನ ಕೆಲಸ ಅಲ್ಲ ಮಾರಾಯ್ರೆ, ಅದು ಊರಿನ ಕೆಲಸ” ಎಂಬುದು ಅವರ ಮಾತು. ಈ ಮಾತಿನಿಂದ ಹುಟ್ಟಿದ್ದು ‘ಕೈಬುತ್ತಿ’ ಎಂಬ ನಮ್ಮ ಕೈಬರಹದ ಪತ್ರಿಕೆ. ವರ್ಷಕ್ಕೆ ಒಂದು ಸಂಚಿಕೆ, ಸಂಚಿಕೆಗೆ ಒಂದೇ ಪ್ರತಿ.

ಆ ಪತ್ರಿಕೆಯ ಮುದ್ರಣಾಲಯ ಎಂದರೆ ನಾನೇ. ಬೇರೆ ಯಾವ ಯೋಗ್ಯತೆಯೂ ನನಗಿರಲಿಲ್ಲ, ಅಕ್ಷರ ಮಾತ್ರ ದುಂಡಗಿತ್ತು. ಅದನ್ನು ಜನ ಹೊಗಳಿ ಹೊಗಳಿ ನನ್ನ ತಲೆ ಕೆಡಿಸಿದ್ದರು. ಊರಿನವರು ಕಳಿಸಿದ ಕತೆ, ಕವಿತೆ, ಕೃಷಿಯ ಅನುಭವ, ಹಾವು ಕಚ್ಚಿದ್ದಕ್ಕೆ ಮದ್ದು, ಎಲ್ಲವನ್ನೂ ನಾನು ಒಂದೇ ಅಳತೆಯ ಅಕ್ಷರದಲ್ಲಿ ಪ್ರತಿ ಮಾಡುತ್ತಿದ್ದೆ. ಪ್ರತಿ ಆದ ಮೇಲೆ ಮೂಲ ಹಾಳೆಗಳು ಬಚ್ಚಲಿನ ಒಲೆಗೆ. ಇದು ಮಾಷ್ಟ್ರು ಮಾಡಿದ ನಿಯಮ. ಇಲ್ಲದಿದ್ದರೆ “ನಾನು ಬರೆದದ್ದು ಹೀಗಲ್ಲ, ಟೀಚರ್ ಕೊಂಬು ನುಂಗಿದ್ದಾರೆ” ಎಂದು ಲೇಖಕರು ಜಗಳಕ್ಕೆ ಬರುತ್ತಿದ್ದರು. ಮೊದಲ ಪುಟದಲ್ಲಿ ಪ್ರತಿ ವರ್ಷವೂ ನನ್ನದೊಂದು ಕವಿತೆ ಇರುತ್ತಿತ್ತು, ಚಂದ್ರನ ಮೇಲೆ. ಚಂದ್ರನಿಗೇ ಬೇಸರ ಬರುವಷ್ಟು ಸಲ ಚಂದ್ರನ ಮೇಲೆ ಬರೆದೆ.

ಇನ್ನು ಮಸಿಯ ವಿಷಯ. “ಅಂಗಡಿಯ ಕಪ್ಪು ಮಸಿಯಲ್ಲಿ ಬರೀರಿ” ಎಂದು ಮಾಷ್ಟ್ರು ಹೇಳಿದ್ದರು. ನಾನು ನೀರಿನಲ್ಲಿ ಮಸಿಯ ಮಾತ್ರೆ ಕರಗಿಸಿ ಮಾಡುವ ನೀಲಿ ಮಸಿಯಲ್ಲೇ ಬರೆದೆ. ಆ ನವಿಲು ನೀಲಿಯಲ್ಲಿ ನನ್ನ ಅಕ್ಷರ ಇನ್ನೂ ಚಂದ ಕಾಣುತ್ತಿತ್ತು. ಈ ಸಂಗತಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಎಲ್ಲ ಕಡೆ ಪತ್ರಿಕೆ ಬಿಡುಗಡೆಯಾದ ಮೇಲೆ ಓದುಗರಿಗೆ ಹೋಗುತ್ತದೆ. ನಮ್ಮದು ಉಲ್ಟಾ. ಮೊದಲು ಸಂಚಿಕೆ ಊರೂರು ಸುತ್ತಿ, ಎಲ್ಲರ ಕೈಯಲ್ಲಿ ಓದಿಸಿಕೊಂಡು, ಕೊನೆಯ ಖಾಲಿ ಹಾಳೆಗಳಲ್ಲಿ ಅಭಿಪ್ರಾಯ ಬರೆಸಿಕೊಂಡು ಬರಬೇಕು. ಆಮೇಲೆ ನವರಾತ್ರಿಯ ರಜೆಯಲ್ಲಿ ವಾರ್ಷಿಕ ಸಭೆ, ಬಿಡುಗಡೆ. ಓದಿ ಮುಗಿಸಿದವರು ಸಭೆಗೆ ಯಾಕೆ ಬರುತ್ತಾರೆ ಎಂದು ನೀವು ಕೇಳಬಹುದು. ಮಾಷ್ಟ್ರೂ ಕೇಳಿಕೊಂಡರು. ಅದಕ್ಕೆ ಅವರು ಹುಡುಕಿದ ಉಪಾಯ ಮುಚ್ಚಿದ ಪುಟ. ಪ್ರತಿ ಸಂಚಿಕೆಯ ಒಂದು ಹಾಳೆಯನ್ನು ಮಡಚಿ ಅಂಚಿಗೆ ನೂಲಿನಿಂದ ಹೊಲಿದು ಬಿಡುವುದು, ಅದನ್ನು ಸಭೆಯಲ್ಲಿ ಎಲ್ಲರ ಎದುರು ಬಿಚ್ಚಿ ಓದುವುದು. ಅದರೊಳಗೆ ಏನಿದೆ ಎಂದು ಬರೆದವನಿಗೆ ಮತ್ತು ಪ್ರತಿ ಮಾಡಿದ ನನಗೆ ಮಾತ್ರ ಗೊತ್ತು. ಮಾಷ್ಟ್ರು ಕೂಡ ಓದುತ್ತಿರಲಿಲ್ಲ, “ನಾನೂ ಊರಿನವನೇ ಅಲ್ವಾ” ಎನ್ನುತ್ತಿದ್ದರು. ಜನ ಪ್ರಾಮಾಣಿಕರು, ಹೊಲಿಗೆ ಮುಟ್ಟುತ್ತಿರಲಿಲ್ಲ. ಒಂದು ವರ್ಷ ಕಬಕದ ಓದುಗರೊಬ್ಬರು ಅಭಿಪ್ರಾಯದ ಹಾಳೆಯಲ್ಲಿ ಬರೆದಿದ್ದರು: “ಮುಚ್ಚಿದ ಪುಟವನ್ನು ಬೆಳಕಿಗೆ ಹಿಡಿದು ನೋಡಿದೆ. ಏನೂ ಕಾಣಿಸುವುದಿಲ್ಲ. ಮುಂದಿನವರು ಶ್ರಮ ತೆಗೆದುಕೊಳ್ಳುವುದು ಬೇಡ.”

ಸಂಚಿಕೆ ಊರೂರು ಸುತ್ತುತ್ತಿದ್ದದ್ದು ಬಸ್ಸಿನಲ್ಲಿ. ಪುತ್ತೂರಿನಿಂದ ಉಪ್ಪಿನಂಗಡಿ, ಆಲಂಕಾರು ದಾಟಿ ಕಡಬಕ್ಕೆ ಹೋಗುವ ಬಸ್ಸಿನ ಡ್ರೈವರ್ ಲಿಂಗಪ್ಪಣ್ಣ ಅದನ್ನು ತನ್ನ ಸೀಟಿನಡಿಯ ತಗಡಿನ ಪೆಟ್ಟಿಗೆಯಲ್ಲಿ ಇಟ್ಟು, ಒಬ್ಬರಿಂದ ಇಸಿದುಕೊಂಡು ಇನ್ನೊಬ್ಬರಿಗೆ ಮುಟ್ಟಿಸುತ್ತಿದ್ದ. ಕಂಡಕ್ಟರನ ಕೈಗೆ ಕೊಡುತ್ತಿರಲಿಲ್ಲ. ಲಿಂಗಪ್ಪಣ್ಣನ ಊರು ಸುಳ್ಯದ ಕಡೆ, ಮನೆಮಾತು ಆ ಕಡೆಯ ಅರೆಭಾಷೆ. ಮದುವೆಯಾದ ಮೇಲೆ ಆಲಂಕಾರಿನಿಂದ ಮುಂದೆ ರಸ್ತೆಯ ಬದಿಯಲ್ಲೇ ಒಂದು ಸಣ್ಣ ಮನೆ ಮಾಡಿದ್ದ. ಓದಿದ್ದು ಮೂರನೆಯ ಕ್ಲಾಸು.

ಒಂದು ಜೂನ್ ತಿಂಗಳ ಸಂಜೆ ಮೆಟ್ಟಿಲು ಎಂದಿಗಿಂತ ಜೋರಾಗಿ ಕೂಗಿತು. ನೋಡಿದರೆ ಲಿಂಗಪ್ಪಣ್ಣ, ಖಾಕಿ ಅಂಗಿ ಪೂರ್ತಿ ಒದ್ದೆ. ಜೇಬಿನೊಳಗಿಂದ ಎಣ್ಣೆಕಾಗದದಲ್ಲಿ ಸುತ್ತಿದ ಕಟ್ಟು ತೆಗೆದ. ಹಳೆಯ ಟ್ರಿಪ್ಪಿನ ಕಾಗದಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಬರಹ.

“ಟೀಚರ್, ಐದು ವರ್ಷ ಈ ಪತ್ರಿಕೆಯನ್ನು ಹೊತ್ತೆ. ಒಂದು ಸಲ ಇದರ ಒಳಗೆ ಕೂತು ಹೋಗುವ ಅಂತ ಆಸೆ” ಎಂದ.

ತಲೆಬರಹ ‘ಹಾರ್ನ್ ಎಲ್ಲಿ ಹೊಡೆಯಬೇಕು’. ಆಗಿನ ಬಸ್ಸುಗಳಿಗೆ ರಬ್ಬರ್ ಬುಡ್ಡೆಯ ಹಾರ್ನು, ಕೈಯಿಂದ ಹಿಂಡಿದರೆ ಪೋಂ ಎನ್ನುವಂಥದ್ದು. ಪುತ್ತೂರಿನಿಂದ ತನ್ನ ಮನೆಯ ತಿರುವಿನವರೆಗೆ ಯಾವ ಸ್ಟಾಪಿನಲ್ಲಿ ಎಷ್ಟು ಹಾರ್ನು, ಯಾರಿಗಾಗಿ, ಯಾಕೆ ಎಂದು ಬರೆದಿದ್ದ. ಮೊದಲ ನಾಲ್ಕು ಸ್ಟಾಪಿನದ್ದನ್ನು ಮಾಷ್ಟ್ರು ಅಲ್ಲೇ ಓದಿ ತೊಡೆ ತಟ್ಟಿಕೊಂಡು ನಕ್ಕರು. ಕೊನೆಯ ಹಾಳೆಗೆ ಕೈ ಹಾಕುವಾಗ ಲಿಂಗಪ್ಪಣ್ಣ ತಡೆದ. “ಅದು ನಮ್ಮ ಮನೆಯ ಸ್ಟಾಪಿನದ್ದು. ಅದನ್ನು ಮುಚ್ಚಿದ ಪುಟಕ್ಕೆ ಹಾಕಬಹುದಾ ಮಾಷ್ಟ್ರೆ? ಪೂವುಗೆ ಓದ್ಲಿಕ್ಕೆ ಬರುದಿಲ್ಲ. ಸಭೆಯಲ್ಲಿ ಎಲ್ಲರ ಒಟ್ಟಿಗೆ ಕೇಳ್ಲಿ.” ಪೂವು ಎಂದರೆ ಅವನ ಹೆಂಡತಿ ಪೂವಕ್ಕ.

ನಾನು ಪ್ರತಿ ಮಾಡಿದೆ. ಒತ್ತಕ್ಷರಗಳು ಸಾಲಿನ ಕೆಳಗೆ ಒಂದೇ ಎತ್ತರದಲ್ಲಿ ತೂಗಬೇಕು, ದೀರ್ಘಗಳು ಒಂದೇ ಕಡೆಗೆ ಬಾಗಬೇಕು, ನನ್ನ ಧ್ಯಾನವೆಲ್ಲ ಅದರಲ್ಲಿ. ಅದು ಬಿಟ್ಟರೆ ಚಂದ್ರನಲ್ಲಿ. ನೀವು ನಂಬಲಿಕ್ಕಿಲ್ಲ, ಒಂದಿಡೀ ಹಾಳೆಯನ್ನು ಅಕ್ಷರ ಬಿಡದೆ ಬರೆದೂ ಒಂದು ಮಾತನ್ನೂ ಓದದೆ ಇರಬಹುದು. ರಂಗೋಲಿ ಹಾಕುವವಳು ಚುಕ್ಕಿಯನ್ನು ಓದುತ್ತಾಳೆಯೇ? ಪ್ರತಿ ಮಾಡಿ, ಮುಚ್ಚಿದ ಪುಟವನ್ನು ಬಿಳಿ ನೂಲಿನಿಂದ ಹೊಲಿದು, ಪೆನ್ಸಿಲಿನ ಹಾಳೆಗಳನ್ನು ಒಲೆಗೆ ಹಾಕಿ, ಬಿಸಿನೀರಿನಲ್ಲಿ ಸ್ನಾನ ಮಾಡಿ ಶಾಲೆಗೆ ಹೋದೆ.

ಹತ್ತು ದಿನದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತಿದ್ದಾಗ ಲಿಂಗಪ್ಪಣ್ಣ ಡ್ರೈವರ್ ಸೀಟಿನಿಂದಲೇ ಬಗ್ಗಿ ಕರೆದ.

“ಟೀಚರ್, ಆ ಮುಚ್ಚಿದ್ದು ಓದಿದಿರಾ?”

“ಓದಿದೆ” ಎಂದೆ.

“ಸಭೆಯಲ್ಲಿ ಹೇಳುವಂಥದ್ದಾ ಅದು? ಪೂವು ಎದುರು ಕೂತಿರ್ತಾಳೆ. ಅವಳಿಗೆ ಬೇಸರ ಆಗುವ ಹಾಗೆ ಎಂತಾದರೂ ಉಂಟಾ? ಬೇಡ ಅಂದ್ರೆ ಈಗಲೇ ಹರಿದು ಬಿಡುವ.”

“ಇಲ್ಲ ಇಲ್ಲ. ಚಂದ ಉಂಟು.”

ಅವನ ಮುಖ ಸಡಿಲವಾಯಿತು. “ಹಾಗಾದ್ರೆ ಆಯ್ತು. ನೀವು ಕಲಿತವರು” ಎಂದು ಎರಡು ಹಾರ್ನು ಹೊಡೆದು ಬಸ್ಸು ಹೊರಡಿಸಿದ. ನಾನು ಹೇಳಿದ ಸುಳ್ಳು ಅದು. ಆಗ ಅದು ಸುಳ್ಳೆಂದೇ ಅನಿಸಿರಲಿಲ್ಲ, ಮಳೆಯಲ್ಲಿ ನಿಂತವಳು ಮಾತು ಬೇಗ ಮುಗಿಸಿದ್ದು ಅಷ್ಟೇ.

ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಲಿಂಗಪ್ಪಣ್ಣನಿಗೆ ಜ್ವರ ಬಂತು. ಮೂರು ವಾರ ಮಲಗಿದ, ಏಳಲಿಲ್ಲ. ‘ಕೈಬುತ್ತಿ’ ಆಗ ಕಡಬದಲ್ಲಿತ್ತು. ಹೊಸ ಡ್ರೈವರ್ ಅದನ್ನು ಹಿಂದೆ ತರುವಾಗ ಉಪ್ಪಿನಂಗಡಿಯಲ್ಲಿ ಕೂಡುವ ಎರಡೂ ನದಿ ಒಟ್ಟಿಗೆ ಏರಿ ರಸ್ತೆಗೆ ನೀರು ಬಂದಿತ್ತು. ಬಸ್ಸು ಮುಂದೆ ಹೋಗುವ ಹಾಗಿರಲಿಲ್ಲ. ಸಂಚಿಕೆಯನ್ನು ಅವನು ಅದ್ರಾಮಾಕನ ಕೊಡೆ ಅಂಗಡಿಯಲ್ಲಿ ಕೊಟ್ಟು ಹೋದ. ಅದ್ರಾಮ ಬ್ಯಾರಿ ನಮ್ಮ ಪತ್ರಿಕೆಯ ಹಳೆಯ ಗಿರಾಕಿ, ಎಲ್ಲರಿಗೂ ಅದ್ರಾಮಾಕ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಮಗಳು ಓದಿ ಹೇಳಬೇಕು.

ನಾಲ್ಕು ದಿನದ ಮೇಲೆ ಅದ್ರಾಮಾಕ ಪುತ್ತೂರಿಗೆ ಬಂದರು. ಉಡುವ ಹೊಸ ಬಿಳಿ ಮುಂಡಿನಲ್ಲಿ ಸುತ್ತಿದ್ದನ್ನು ಬೆಂಚಿನ ಮೇಲೆ ಇಟ್ಟು ನಿಂತೇ ಇದ್ದರು. “ಅಂಗಡಿಗೆ ನೀರು ಬಂತು ಟೀಚರ್. ಕೊಡೆ ಎಲ್ಲ ಕೆಳಗೆ ಬಿಟ್ಟು ಇದನ್ನು ಕಪಾಟಿನ ಮೇಲೆ ಇಟ್ಟೆ. ಕಪಾಟೇ ಬಿತ್ತು. ಹಾಳೆ ಆದಷ್ಟು ಒಣಗಿಸಿದ್ದೇನೆ. ಅಕ್ಷರ ಸಿಕ್ಕಲಿಲ್ಲ.”

ಬಿಚ್ಚಿದರೆ ಹಾಳೆ ಹಾಳೆಯೂ ನೀಲಿ. ಒಂದು ಅಕ್ಷರವಿಲ್ಲ. ಅಂಗಡಿಯ ಕಪ್ಪು ಮಸಿಯಾಗಿದ್ದರೆ ಅರ್ಧವಾದರೂ ನಿಲ್ಲುತ್ತಿತ್ತು ಎಂದು ಮಾಷ್ಟ್ರು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು. ಅವರ ಮನೆಯ ಇದ್ದಲ ಇಸ್ತ್ರಿ ಪೆಟ್ಟಿಗೆ ತಂದು ಇಬ್ಬರೂ ಕೂತು ಒಂದೊಂದೇ ಹಾಳೆ ಒಣಗಿಸಿದೆವು. ಇವತ್ತು ಬೆಳಿಗ್ಗೆ ನನ್ನ ಕೈ ನಿಲ್ಲಿಸಿದ್ದು ಆ ವಾಸನೆಯೇ. ಮುಚ್ಚಿದ ಪುಟದ ನೂಲು ಮಾತ್ರ ಗಟ್ಟಿ ಇತ್ತು. ಅದನ್ನು ಬಿಚ್ಚಲು ಮಾಷ್ಟ್ರು ಒಪ್ಪಲಿಲ್ಲ. “ಸಭೆಯಲ್ಲೇ” ಎಂದರು.

ಸಭೆ ಹತ್ತಿರ ಬಂದಾಗ ಹೊಸ ಡ್ರೈವರ್ ಒಂದು ಸುದ್ದಿ ತಂದ. “ಪೂವಕ್ಕ ಸಭೆಗೆ ಬರ್ತಾರಂತೆ. ಲಿಂಗಪ್ಪಣ್ಣ ಬರೆದದ್ದು ಕೇಳ್ಬೇಕಂತೆ.” ಮಾಷ್ಟ್ರು ನನ್ನ ಕಡೆ ತಿರುಗಿ, “ಬೇರೆಲ್ಲ ಹೋದರೂ ಅವನ ಮನೆಯ ಸ್ಟಾಪಿನದ್ದು ನಿಮಗೆ ನೆನಪಿರ್ತದಲ್ಲ ಟೀಚರ್, ಅದೊಂದು ಬದುಕಿತು” ಎಂದರು. ನಾನು ತಲೆಯಾಡಿಸಿದೆ. ಎರಡನೆಯ ಸುಳ್ಳು.

ಸಭೆಗೆ ಹದಿನೈದು ದಿನ ಇತ್ತು. ಒಂದು ಜ್ವರ ಬಂದರೆ ಸಾಕಿತ್ತು ಎಂದು ಕಾದೆ. ನನಗೆ ನೆಗಡಿಯೂ ಬರಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಹೇಗೂ ಯಾರೂ ಓದಿಲ್ಲ. ನಾನೇ ಬರೆದರಾಯಿತು. ಕೂತು ಬರೆದೆ: ತಿರುವಿನಲ್ಲಿ ಕಾಯುವ ಹೆಂಡತಿ, ಅವಳಿಗಾಗಿ ಮೂರು ಉದ್ದ ಹಾರ್ನು, ಮುಡಿಯಲ್ಲಿ ಮಲ್ಲಿಗೆ, ಮೇಲೆ ಎಂದಿನಂತೆ ಚಂದ್ರ. ಈ ಸಲ ಅಂಗಡಿಯ ಕಪ್ಪು ಮಸಿಯಲ್ಲಿ ಬರೆದೆ. ಓದಿಕೊಂಡರೆ ನನಗೇ ಕಣ್ಣೀರು ಬಂತು. ಆ ಹಾಳೆಯನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡು ಸಭೆಗೆ ಹೋದೆ.

ನಮ್ಮ ಶಾಲೆಯ ಹಾಲಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಸಭೆ. ಕಡೆಯ ಬಸ್ಸು ಹೊರಡುವ ಮೊದಲು ಮುಗಿಯಬೇಕು. ಪ್ರತಿ ವರ್ಷ ಮೂವತ್ತು ಜನ ಬಂದರೆ ಹೆಚ್ಚು, ಆ ವರ್ಷ ಕಿಟಕಿಯ ಹೊರಗೂ ನಿಂತಿದ್ದರು. ಕಡಬದ ಬಸ್ಸು ದಾರಿಯುದ್ದಕ್ಕೂ ಜನರನ್ನು ತುಂಬಿಕೊಂಡು ಬಂದಿತ್ತು. ಪೂವಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಅವರನ್ನು ನೋಡಿದ್ದು ಅದೇ ಮೊದಲು, ಸಣ್ಣ ದೇಹ, ಮಡಿಲಲ್ಲಿ ಕೈ ಜೋಡಿಸಿಕೊಂಡಿದ್ದರು.

ಮಾಷ್ಟ್ರು ಎದ್ದು ನಿಂತು, ನೀಲಿ ಹಾಳೆಗಳನ್ನು ಎತ್ತಿ ಹಿಡಿದು, ನಡೆದದ್ದು ನಡೆದ ಹಾಗೆ ಹೇಳಿದರು. “ಪೂವಮ್ಮ, ತಪ್ಪಾಯ್ತು. ಲಿಂಗಪ್ಪ ಬರೆದದ್ದು ಒಂದಕ್ಷರವೂ ಹಾಳೆಯಲ್ಲಿ ಉಳಿದಿಲ್ಲ” ಎಂದರು.

ಹಿಂದಿನ ಬೆಂಚಿನಿಂದ ಅದ್ರಾಮಾಕ ಎದ್ದರು. “ಮಾಷ್ಟ್ರೆ, ಹಾಳೆ ತೊಳೆದು ಹೋದದ್ದು ಹೌದು. ನಾವು ಓದಿದ್ದು ಎಲ್ಲಿ ಹೋಗ್ತದೆ? ನಮ್ಮ ಸ್ಟಾಪಿನದ್ದು ನನಗೆ ಬರ್ತದೆ.”

ಮಾಷ್ಟ್ರು ಹಾಳೆಗಳನ್ನು ಮೇಜಿನ ಮೇಲಿಟ್ಟು, “ಹಾಗಾದರೆ ಕೂತ್ಕೊಳ್ಳಿ. ಪುತ್ತೂರಿನಿಂದ ಹೊರಡುವ” ಎಂದರು. ಪುತ್ತೂರಿನ ಸ್ಟಾಪು ಅವರದೇ. ಕಣ್ಣು ಮುಚ್ಚಿ ಹೇಳಿದರು: “ಪುತ್ತೂರಿನಲ್ಲಿ ಎರಡು ಹಾರ್ನು. ಒಂದು ಬಸ್ಸು ಹತ್ತುವವರಿಗೆ. ಇನ್ನೊಂದು, ಅವರನ್ನು ಕಳಿಸಲು ಬಂದು ಮಾತು ಮುಗಿಸದವರಿಗೆ.”

ಮುಂದಿನದು ಏರುದಾರಿಯ ತಿರುವಿನಲ್ಲಿ ಚಾ ಹೋಟೆಲು ಇಟ್ಟಿದ್ದ ಗಿರಿಜಕ್ಕನದು. ಅವರು ಸೆರಗು ಬಾಯಿಗೆ ಹಿಡಿದುಕೊಂಡು ಎದ್ದರು. “ಇಲ್ಲಿ ಒಂದು ಗಿಡ್ಡ ಹಾರ್ನು. ಅದು ಬಸ್ಸಿನವರಿಗಲ್ಲ, ಗಿರಿಜಕ್ಕನ ಒಲೆಗೆ. ಅದು ಕೇಳಿ ನೀರಿಟ್ಟರೆ ಬಸ್ಸು ನಿಲ್ಲುವಾಗ ನೀರು ಕುದಿಯುತ್ತದೆ. ಏಳು ವರ್ಷದಲ್ಲಿ ಒಂದು ದಿನವೂ ಬಸ್ಸಿನವರು ಬಿಸಿ ಇಲ್ಲದ ಚಾ ಕುಡಿದಿಲ್ಲ.”

“ನೀರುದೋಸೆಯ ಉಪ್ಪಿನದ್ದು ಬಿಟ್ಟಿರಿ!” ಎಂದು ಕಿಟಕಿಯ ಹೊರಗಿನಿಂದ ಯಾರೋ ಕೂಗಿದರು.

“ಅದೊಂದು ನೀರಿನಲ್ಲೇ ಹೋಗ್ಲಿ ಅಂತ ಬಿಟ್ಟೆ ಮಾರಾಯ್ರೆ” ಎಂದರು ಗಿರಿಜಕ್ಕ. ಇಡೀ ಹಾಲು ನಕ್ಕಿತು. ಪೂವಕ್ಕನೂ ನಕ್ಕರು.

ಆಮೇಲೆ ಅದ್ರಾಮಾಕ. ಹೆಗಲ ಮೇಲಿನ ಬೈರಾಸು ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಮಗಳು ಓದಿದ್ದು, ನಾನು ಕೇಳಿದ್ದು. ನಾಲ್ಕು ಸಲ ಓದಿಸಿದ್ದೇನೆ” ಎಂದು ಮೊದಲೇ ತಿಳಿಸಿ, ಗಂಟಲು ಸರಿಮಾಡಿ ಶುರು ಮಾಡಿದರು. “ಉಪ್ಪಿನಂಗಡಿಗೆ ಬಸ್ಸು ಮುಟ್ಟುವಾಗ ಪಳ್ಳಿಯಲ್ಲಿ ಮಧ್ಯಾಹ್ನದ ನಮಾಜು. ಆಗ ನಾನು ಹಾರ್ನು ಹೊಡೆಯುವುದಿಲ್ಲ. ದೇವರ ಹತ್ತಿರ ಮಾತಾಡುವವನನ್ನು ಬಸ್ಸಿಗೆ ಕರೆಯಬಾರದು. ಅವನು ಮುಗಿಸಿ ಬರುತ್ತಾನೆ. ಬಸ್ಸು ಐದು ನಿಮಿಷ ನಿಂತರೆ ಕಡಬ ಓಡಿ ಹೋಗುವುದಿಲ್ಲ.”

ಮನೆಯಲ್ಲಿ ಬ್ಯಾರಿ ಭಾಷೆ ಮಾತಾಡುವ, ಅಂಗಡಿಯಲ್ಲಿ ತುಳು ಮಾತಾಡುವ, ಕನ್ನಡದ ಅಕ್ಷರ ಗೊತ್ತಿಲ್ಲದ ಮನುಷ್ಯ, ಪುಸ್ತಕದ ಕನ್ನಡವನ್ನು ಒಂದು ಪದ ಜಾರದ ಹಾಗೆ ಹೇಳುತ್ತಿದ್ದರು. ನಮ್ಮ ಕಡೆಯವರು ತಾಳಮದ್ದಳೆ ಕೇಳಿ ಬೆಳೆದವರು, ಅರ್ಥಧಾರಿಗಳ ಗಂಟೆಗಟ್ಟಲೆಯ ಮಾತನ್ನು ಮರುದಿನ ಗದ್ದೆಯಲ್ಲಿ ನಿಂತು ಒಪ್ಪಿಸುವವರು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅಂಥ ಕಿವಿಗಳಿಗಾಗಿ ನಾನು ಬರೆಯುತ್ತಿದ್ದೇನೆ ಎಂದು ಒಂದು ದಿನ ಯೋಚಿಸಿರಲಿಲ್ಲ. ನಾನು ಕಣ್ಣುಗಳಿಗಾಗಿ ಬರೆಯುತ್ತಿದ್ದೆ.

ಆಲಂಕಾರಿನದ್ದು ಐತಪ್ಪನ ಕತೆ. ಬುಟ್ಟಿ ಹೆಣೆಯುವ ಐತಪ್ಪನಿಗೆ ಕಿವಿ ಕೇಳುವುದಿಲ್ಲ, ನಡುರಸ್ತೆಯಲ್ಲೇ ನಡೆಯುವುದು ಅಭ್ಯಾಸ. ಅವನ ನೆರೆಮನೆಯವರು ಎದ್ದು ಹೇಳಿದರು: “ಇಲ್ಲಿ ಹಾರ್ನಿನಿಂದ ಉಪಯೋಗ ಇಲ್ಲ. ಬಸ್ಸು ನಿಲ್ಲಿಸಿ, ನಾನೇ ಇಳಿದು ಹೋಗಿ…” ಅವರು ಅಷ್ಟು ಹೇಳುವಾಗ ಪಕ್ಕದಲ್ಲಿದ್ದ ಐತಪ್ಪ ತಾನೂ ಎದ್ದ. ಎಲ್ಲರ ಮುಖ ನೋಡಿಯೇ ಅವನಿಗೆ ಯಾವ ಸ್ಟಾಪು ಬಂತೆಂದು ತಿಳಿದಿರಬೇಕು. ತನ್ನ ಬಲಗೈಯಿಂದ ತನ್ನ ಎಡ ಹೆಗಲನ್ನು ಮೆಲ್ಲಗೆ ಎರಡು ಸಲ ತಟ್ಟಿಕೊಂಡ, ಮತ್ತೆ ಪಕ್ಕಕ್ಕೆ ಸರಿದು ಬಸ್ಸಿಗೆ ದಾರಿ ಬಿಟ್ಟ. ನೆರೆಯವರು ಮುಂದಿನ ಮಾತು ಹೇಳಲಿಲ್ಲ, ಬೇಕಾಗಲೂ ಇಲ್ಲ. ಹಾಲಿನಲ್ಲಿ ಮೂಗು ಸೀಟುವ ಸದ್ದು ಕೇಳಿತು.

ಒಂದು ಸ್ಟಾಪು ಉಳಿಯಿತು.

ಮಾಷ್ಟ್ರು ಹೊಲಿದ ಪುಟವನ್ನು ಪೂವಕ್ಕನ ಕೈಗೆ ಕೊಟ್ಟರು. ಅವರು ಮುಡಿಯಿಂದ ಪಿನ್ನು ತೆಗೆದು ಒಂದೊಂದೇ ಹೊಲಿಗೆ ಬಿಡಿಸಿದರು, ನೂಲು ತುಂಡಾಗದಂತೆ. ಒಳಗೂ ನೀಲಿ. ಹಾಳೆಯ ಮೇಲೆ ಒಮ್ಮೆ ಅಂಗೈ ಸವರಿ ನನ್ನನ್ನು ನೋಡಿದರು. ಎಲ್ಲರೂ ನನ್ನನ್ನು ನೋಡಿದರು. “ಟೀಚರ್‌ಗೆ ಗೊತ್ತುಂಟು” ಎಂದರು ಮಾಷ್ಟ್ರು.

ನಾನು ಎದ್ದೆ. ಕೈ ಚೀಲದೊಳಗೆ ಹೋಯಿತು, ಮಡಚಿದ ಹಾಳೆಯ ಅಂಚು ಬೆರಳಿಗೆ ತಾಗಿತು. ಓದಿದ್ದರೆ ಚಪ್ಪಾಳೆ ಬೀಳುತ್ತಿತ್ತು, ನನಗೆ ಖಂಡಿತ ಗೊತ್ತು. ಆದರೆ ಆ ಜನರ ನಡುವೆ, ಓದಲು ಬಾರದೆಯೂ ಓದಿದವರ ನಡುವೆ, ಆ ಮಲ್ಲಿಗೆಯನ್ನೂ ಚಂದ್ರನನ್ನೂ ಹೊರಗೆ ತೆಗೆಯಲು ನನ್ನ ಕೈ ಬರಲಿಲ್ಲ. ಚೀಲದ ಬಾಯಿ ಮುಚ್ಚಿದೆ.

“ಪೂವಕ್ಕ, ನಾನು ಬರೆದೆ. ಓದಲಿಲ್ಲ” ಎಂದೆ. “ಓದಿದಿರಾ ಅಂತ ಲಿಂಗಪ್ಪಣ್ಣ ಕೇಳಿದ್ದ. ಓದಿದೆ, ಚಂದ ಉಂಟು ಅಂತ ಸುಳ್ಳು ಹೇಳಿದೆ. ನನಗೆ ಒಂದು ಮಾತೂ ನೆನಪಿಲ್ಲ.”

ಮಾಷ್ಟ್ರು ಕುರ್ಚಿಯ ಬೆನ್ನು ಹಿಡಿದು ನಿಂತರು. ಪೂವಕ್ಕ ಮಾತ್ರ ಕೋಪ ಮಾಡಿಕೊಂಡ ಹಾಗೆ ಕಾಣಲಿಲ್ಲ. ಹಾಳೆಯನ್ನು ಮಡಿಲಲ್ಲಿಟ್ಟು, “ಅವರು ಎಂತ ಬರೆದ್ರು ಅಂತ ನಂಗೆ ಗೊತ್ತಿಲ್ಲ. ನಮ್ಮ ಸ್ಟಾಪು ನಂಗೆ ಗೊತ್ತುಟ್ಟು” ಎಂದರು. ‘ಉಂಟು’ ಎನ್ನುವಲ್ಲಿ ಆ ‘ಉಟ್ಟು’ ಅವರ ಅರೆಭಾಷೆಯದು, ಮನೆಯ ವಿಷಯ ಬಂದಾಗ ತಾನಾಗಿ ಬಂದದ್ದು. ಮತ್ತೆ ಎದ್ದು ನಿಂತು, ಯಾರ ಮುಖವನ್ನೂ ನೋಡದೆ ಹೇಳಿದರು.

“ನಮ್ಮ ತಿರುವಿನಲ್ಲಿ ಅವರು ಹಾರ್ನು ಹೊಡೀತಿರ್ಲಿಲ್ಲ. ಒಂದು ದಿನವೂ ಇಲ್ಲ. ಗಂಡ ಹೆಂಡತಿಗೆ ಮಾತಿಲ್ಲ ಅಂತ ಬಸ್ಸಿನವರು ತಮಾಷೆ ಮಾಡ್ತಿದ್ರು. ನಮಗೊಂದು ಮಗು ಇತ್ತು. ಬಸ್ಸು ಬರುವ ಹೊತ್ತಿಗೆ ಮಲಗಿರ್ತಿತ್ತು, ಹಾರ್ನು ಕೇಳಿದ್ರೆ ಬೆಚ್ಚಿ ಬೀಳ್ತಿತ್ತು. ಹಾಗೆ ನಿಲ್ಲಿಸಿದ್ದು. ಮಗು ಆರು ತಿಂಗಳಿಗೆ ಹೋಯ್ತು. ಆಮೇಲೂ ಅವರು ಹೊಡೀಲಿಲ್ಲ. ಹನ್ನೆರಡು ವರ್ಷ. ಯಾಕೆ ಅಂತ ನಾನು ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಬರೆದದ್ದು ಅದೇ ಆಗಿರ್ಬೇಕು. ಅಲ್ವಾ ಟೀಚರ್?”

ಆ ಕ್ಷಣ ನನ್ನ ಬಲಗೈಯ ಬೆರಳುಗಳಿಗೆ ಏನೋ ಬಂತು. ಒಂದು ಪದ. ಅದರ ‘ಟ’ದ ಕೆಳಗೆ ಇನ್ನೊಂದು ‘ಟ’ವನ್ನು ತೂಗು ಹಾಕುವಾಗ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ತಾಗದಂತೆ ನಾನು ಉಸಿರು ಹಿಡಿದು ಬರೆದಿದ್ದೆ. ಬರೆದು ಮುಗಿಸಿ, ಚಂದ ಬಂತು ಎಂದು ತಲೆ ಓರೆ ಮಾಡಿ ನೋಡಿದ್ದೆ. ಏನು ಬರೆದೆ ಎಂದು ಮಾತ್ರ ನೋಡಿರಲಿಲ್ಲ.

“ತೊಟ್ಟಿಲು” ಎಂದೆ. “ತೊಟ್ಟಿಲು ಅಂತ ಒಂದು ಮಾತಿತ್ತು ಪೂವಕ್ಕ. ಅದು ಖಂಡಿತ ಇತ್ತು. ನನ್ನ ಕೈಗೆ ನೆನಪುಂಟು.”

“ಇತ್ತಾ?” ಎಂದರು. ಕೂತುಕೊಂಡರು. “ಸಾಕು” ಎಂದರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅದ್ರಾಮಾಕ ಗೋಡೆಯ ಕಡೆ ತಿರುಗಿ ನಿಂತರು.

ನಾನು ಅಭ್ಯಾಸಬಲದಿಂದ ಪೆನ್ನಿನ ಮುಚ್ಚಳ ತೆಗೆದಿದ್ದೆ. ಎಲ್ಲವನ್ನೂ ಮತ್ತೆ ಬರೆದಿಡೋಣ ಎಂದುಕೊಂಡು, “ಗಿರಿಜಕ್ಕ, ನೀವು ಇನ್ನೊಮ್ಮೆ ಹೇಳಿ” ಎಂದೆ. ಪೂವಕ್ಕ ಸೆರಗು ಸರಿಸಿ ನನ್ನನ್ನು ನೋಡಿದರು. “ಇವತ್ತು ಬರೆಯುದು ಬೇಡ ಟೀಚರ್. ನೀವು ಕೇಳಿ” ಎಂದರು. ಪೆನ್ನು ಮುಚ್ಚಿದೆ. ಪುತ್ತೂರಿನಿಂದ ಮತ್ತೊಮ್ಮೆ ಹೊರಟೆವು, ಸ್ಟಾಪು ಸ್ಟಾಪಿಗೂ ನಿಂತು, ಪೂವಕ್ಕನ ತಿರುವಿನವರೆಗೆ. ಈ ಸಲ ಗಿರಿಜಕ್ಕ ಉಪ್ಪಿನದ್ದನ್ನೂ ಬಿಡಲಿಲ್ಲ. ಕಡೆಯ ಬಸ್ಸು ಅರ್ಧ ಗಂಟೆ ತಡವಾಗಿ ಹೊರಟಿತು, ಡ್ರೈವರೂ ಒಳಗೆ ಕೂತು ಕೇಳುತ್ತಿದ್ದ. ಬಸ್ಸು ಹತ್ತುವ ಮೊದಲು ಪೂವಕ್ಕ ನೀಲಿ ಹಾಳೆಗಳನ್ನು ನನ್ನ ಕೈಯಲ್ಲಿಟ್ಟು, “ನಿಮ್ಮಲ್ಲೇ ಇರ್ಲಿ” ಎಂದರು.

ನನ್ನ ಕಪ್ಪು ಮಸಿಯ ಹಾಳೆ ಮರುದಿನವೇ ಒಲೆಗೆ ಹೋಯಿತು. ಚಂದ್ರನ ಮೇಲೆ ಮತ್ತೆ ನಾನು ಬರೆಯಲಿಲ್ಲ. ಅಂದು ಸಭೆಯಲ್ಲಿ ಮೊದಲ ಪುಟದ ನನ್ನ ಕವಿತೆಯ ಒಂದು ಸಾಲನ್ನೂ ಯಾರೂ ನೆನಪಿಸಿಕೊಳ್ಳಲಿಲ್ಲ ಎಂಬುದು ಇಂದಿಗೂ ಸ್ವಲ್ಪ ಚುಚ್ಚುತ್ತದೆ, ಮುಚ್ಚಿಡುವುದೇಕೆ. ಅಲ್ಲಿಂದ ಒಂದು ಅಭ್ಯಾಸ ಮಾತ್ರ ಉಳಿಯಿತು. ಏನು ಓದಿದರೂ ಪುಸ್ತಕ ಮುಚ್ಚಿ ಒಮ್ಮೆ ಬಾಯಲ್ಲಿ ಹೇಳಿ ನೋಡುತ್ತೇನೆ. ಬಾರದಿದ್ದರೆ ಮತ್ತೆ ಓದುತ್ತೇನೆ. ಅಜ್ಜಿ ಒಬ್ಬಳೇ ಮಾತಾಡುತ್ತಾಳೆ ಎಂದು ಪಕ್ಕದ ಮನೆಯವರು ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಗೇಟಿನ ಸದ್ದಾಯಿತು. ಗ್ರಂಥಪಾಲಕಿ ಬಂದಳು, ಸಣ್ಣ ಪ್ರಾಯದವಳು, ಕೈಯಲ್ಲಿ ಒದ್ದೆ ಕೊಡೆ. ನಾನು ಕಪಾಟಿನ ಅಡಿಯಿಂದ, ಈಗ ಹಳದಿಯಾಗಿರುವ ಅದ್ರಾಮಾಕನ ಅದೇ ಮುಂಡಿನಲ್ಲಿ ಸುತ್ತಿದ ಕಟ್ಟನ್ನು ತಂದು ಅವಳ ಮುಂದೆ ಬಿಚ್ಚಿದೆ. ಅವಳು ಫೋಟೋ ತೆಗೆಯಲು ಮೊಬೈಲು ಎತ್ತಿದವಳು ಹಾಗೆಯೇ ನಿಂತಳು. ಒಂದೊಂದೇ ಹಾಳೆ ತಿರುವಿದಳು. ಕೊನೆಗೆ, ನನಗೆ ಬೇಸರವಾಗಬಾರದೆಂದು ಮೆಲ್ಲಗೆ ಕೇಳಿದಳು.

“ಮೇಡಂ, ಇದರಲ್ಲಿ ಎಂತದೂ ಇಲ್ಲ ಅಲ್ವಾ?”

“ಉಂಟು” ಎಂದೆ. “ಮೊಬೈಲು ಒಳಗಿಡಿ. ಕೂತ್ಕೊಳ್ಳಿ. ಪುತ್ತೂರಿನಿಂದ ಹೊರಡುವ.”